ಸಣ್ಣ ಬಾಯಿಯ ಬಂದೂಕು

ನಮ್ಮ ಮನೆಯ ಪಡಸಾಲೆಯಲ್ಲಿ ಎಲ್ಲರೂ ಊಟಕ್ಕೆ ಕೂರುತ್ತಿದ್ದ ಕಡೆಯ ಗೋಡೆಗೆ ಎರಡು ಗೂಟಗಳಿದ್ದವು. ಬಂದೂಕು ಅವುಗಳ ಮೇಲೆ ಅಡ್ಡವಾಗಿ ಇರುತ್ತಿತ್ತು. ಅದರ ಬಾಯಿ ಅಡುಗೆಮನೆಯ ಬಾಗಿಲ ಕಡೆಗೆ, ಹಿಡಿ ತಲಬಾಗಿಲ ಕಡೆಗೆ. ಹೊರಗಿನಿಂದ ಬಂದವರ ಕಡೆಗೆ ಬಂದೂಕಿನ ಬಾಯಿ ತಿರುಗಿರಬಾರದು ಎನ್ನುವುದು ಅಜ್ಜನ ಕಾಲದಿಂದ ನಡೆದು ಬಂದ ರೂಢಿ. ಬಂದವರಿಗೆ ಅದು ಮರ್ಯಾದೆ. ಆ ಮರ್ಯಾದೆಯ ಇನ್ನೊಂದು ತುದಿಯಲ್ಲಿ ಅವ್ವ ಒಲೆಯ ಮುಂದೆ ಕೂತಿರುತ್ತಿದ್ದಳು ಎಂಬುದು ನನಗೆ ಹೊಳೆದದ್ದು ನಾನು ಈಗ ಹೇಳಹೊರಟಿರುವ ವರ್ಷದಲ್ಲಿ. ಆಗ ನಾನು ಊರ ಶಾಲೆಗೆ ಹೋಗುತ್ತಿದ್ದ ಹುಡುಗಿ. ಈಗ ಚಿಕ್ಕೋಡಿಯಲ್ಲಿ ಮಗನ ಮನೆಯಲ್ಲಿ ಕೂತು ಇದನ್ನು ಬರೆಯುವಾಗ, ಕಂಡದ್ದನ್ನು ಕಂಡ ಹಾಗೆ, ಕಾಣದ್ದನ್ನು ಬಿಟ್ಟು ಬರೆಯಬೇಕೆಂದು ಎಚ್ಚರ ವಹಿಸುತ್ತಿದ್ದೇನೆ. ಹೆದರಿದವರಿಗೆ ನೆನಪು ದೊಡ್ಡದಾಗಿ ಕಾಣುತ್ತದೆ. ಅದು ನನಗೆ ಗೊತ್ತಿದೆ.

ನಮ್ಮ ಊರು ಅಥಣಿಯಿಂದ ಮೂಡಣಕ್ಕೆ, ಕೃಷ್ಣೆಯ ನೀರು ಮುಟ್ಟದ ಎರೆಹೊಲಗಳ ನಡುವೆ. ಆ ಹೊಲಗಳಲ್ಲಿ ಆಗ ಚಿಗರಿಗಳು ಹಿಂಡುಹಿಂಡಾಗಿ ಮೇಯುತ್ತಿದ್ದವು. ಕೃಷ್ಣಮೃಗ ಎಂಬ ಹೆಸರನ್ನು ನಾನು ಕಲಿತದ್ದು ಪುಸ್ತಕದಲ್ಲಿ; ಮನೆಯಲ್ಲಿ ಅದು ಚಿಗರಿ, ಶೇಂಗಾದ ಸುಳಿ ತಿನ್ನುವ ಚಿಗರಿ. ಬೆಳೆ ಕಾಯುವುದಕ್ಕೆಂದು ಅಜ್ಜನಿಗೆ ಸಿಕ್ಕಿದ್ದ ಲೈಸೆನ್ಸು ಅಪ್ಪನ ಹೆಸರಿಗೆ ಬಂದಿತ್ತು. ಬೆದರಿಸಿ ಓಡಿಸುವುದಕ್ಕಷ್ಟೇ ಅದು ಎಂದು ಅಪ್ಪನಿಗೂ ಗೊತ್ತಿತ್ತು, ಹೊಡೆದರೆ ಜೈಲು ಎಂದೂ ಗೊತ್ತಿತ್ತು. ಆದರೂ ವರ್ಷಕ್ಕೆ ಒಂದೋ ಎರಡೋ ಸಲ ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಸಾರು ಕುದಿಯುತ್ತಿತ್ತು. ಅಜ್ಜನ ಬಂದೂಕು ಅಗಲ ಬಾಯಿಯದು. ಬಾಯಿಂದಲೇ ಮದ್ದು ಸುರಿದು, ಮೇಲೆ ಒಂದು ಹಿಡಿ ಸೀಸದ ಚರೆ ಹಾಕಿ, ಗಜ ಎಂಬ ಉದ್ದನೆಯ ಕೋಲಿನಿಂದ ಜಡಿಯುವುದು. ಹಿಂದೆ ಒಂದು ಮೊಳೆ. ಅದರ ಮೇಲೆ ತಾಮ್ರದ ಪುಟ್ಟ ಟೋಪಿಯಂಥ ಕೇಪು. ಕುದುರೆ ಎಂಬ ಪುಟ್ಟ ಸುತ್ತಿಗೆ ಅದರ ಮೇಲೆ ಬಡಿದರೆ ಕಿಡಿ ಒಳಗೆ ಹೋಗಿ ಮದ್ದು ಹತ್ತುತ್ತದೆ. ಅಜ್ಜನ ಬಂದೂಕು ಹಾರಿದರೆ ಚರೆ ಮೊರದಗಲ ಹರಡಿ, ಹಿಂಡಿನಲ್ಲಿ ಯಾವುದಕ್ಕೆ ಎಷ್ಟು ತಾಗಿತೆಂದು ಹೇಳುವುದಕ್ಕಾಗುತ್ತಿರಲಿಲ್ಲ.

ಹಾಗೆ ತಾಗಿದ ಒಂದು ಹೆಣ್ಣು ಚಿಗರಿ ಹಿಂದಿನ ವರ್ಷ ನಮ್ಮ ಬದು ದಾಟಿ ಹೋಗಿ ಜಿನ್ನಪ್ಪಜ್ಜನ ಹೊಲದಲ್ಲಿ ಬಿದ್ದಿತ್ತು. ಜಿನ್ನಪ್ಪಜ್ಜ ಜೈನರು. ಅವರ ಹೊಲಕ್ಕೂ ನಮ್ಮ ಹೊಲಕ್ಕೂ ನಡುವೆ ಇದ್ದದ್ದು ಒಂದು ಬದು ಮಾತ್ರ. ನಮ್ಮ ಬಾವಿ ಬತ್ತಿದಾಗ ಅವರ ಬಾವಿಯ ನೀರು, ಅವರ ಆಕಳು ಕರು ಹಾಕುವಾಗ ನಮ್ಮ ಆಯಿ. ಆಯಿ ಎಂದರೆ ಅಪ್ಪನ ತಾಯಿ. ಆ ಚಿಗರಿ ಬೆಳಿಗ್ಗೆವರೆಗೂ ಜೀವ ಹಿಡಿದುಕೊಂಡಿತ್ತಂತೆ. ಜಿನ್ನಪ್ಪಜ್ಜ ಅದರ ಪಕ್ಕದಲ್ಲಿ ಕೂತು ಬಾಯಿಗೆ ನೀರು ಬಿಟ್ಟರಂತೆ. ಅಪ್ಪ ಹೋಗಿ ಎತ್ತಿಕೊಂಡು ಬರುವ ಧೈರ್ಯ ಮಾಡಲಿಲ್ಲ. ಜಿನ್ನಪ್ಪಜ್ಜ ಬಂದು ಜಗಳ ತೆಗೆಯಲಿಲ್ಲ, ಮಾತು ಬಿಡಲಿಲ್ಲ. ಶೇಂಗಾ ಕೀಳುವವರೆಗೆ ನಮ್ಮ ಬದುವಿನ ಕಡೆ ಮುಖ ಮಾಡಿ ಕೂತು ಬುತ್ತಿ ಉಣ್ಣಲಿಲ್ಲ, ಅಷ್ಟೆ. ಅದು ಅಪ್ಪನನ್ನು ಬಹಳ ಹಿಂಸಿಸಿತು. ಬೇಟೆ ಬಿಡುವಷ್ಟಲ್ಲ. ಬಂದೂಕು ಬದಲಿಸುವಷ್ಟು.

ಮಳೆಗಾಲದ ಮೊದಲಿಗೆ ಎರಡು ಬಂದೂಕುಗಳು ನಮ್ಮ ಪಡಸಾಲೆಯ ಕಂಬಳಿಯ ಮೇಲೆ ಪಕ್ಕಪಕ್ಕದಲ್ಲಿ ಮಲಗಿದ್ದವು. ಒಂದನ್ನು ಕಾಗವಾಡದ ಕಡೆಯ ಪರಿಚಯದವರೊಬ್ಬರಿಂದ ಅಪ್ಪನ ತಮ್ಮ ಮಾರುತಿ ಕಾಕಾ ತಂದಿದ್ದ. ಅಜ್ಜನದರಂತೆಯೇ ಅಗಲ ಬಾಯಿ; ನನ್ನ ಹೆಬ್ಬೆರಳು ಒಳಗೆ ಹೋಗಿ ಸುತ್ತಲೂ ಜಾಗ ಉಳಿಯುತ್ತಿತ್ತು. ಇನ್ನೊಂದು ದಿಗ್ಗೇವಾಡಿಯ ನನ್ನ ಸೋದರಮಾವನದು. ಹೊಳೆಯ ದಂಡೆಯೆಲ್ಲ ಕಬ್ಬಾಗಿ ಅಲ್ಲಿ ಚಿಗರಿ ಕಾಣದಾದ ಮೇಲೆ ಮಾವ ಅದನ್ನು ಅಟ್ಟದ ಮೇಲೆ ಇಟ್ಟುಬಿಟ್ಟಿದ್ದ. ಅದರ ಬಾಯಲ್ಲಿ ನನ್ನ ಕಿರುಬೆರಳಿನ ತುದಿ ಮಾತ್ರ ಹೋಗುತ್ತಿತ್ತು. ನಳಿಗೆ ದಪ್ಪ, ತೂತು ಸಣ್ಣದು, ಒಳಗೆ ಸುತ್ತಿಕೊಂಡು ಹೋಗುವ ಸಣ್ಣ ಗೆರೆಗಳು. ಅದಕ್ಕೆ ಚರೆ ಹಾಕುವಂತಿಲ್ಲ. ಬಟಾಣಿಗಿಂತ ತುಸು ದೊಡ್ಡದಾದ ಒಂದೇ ಒಂದು ಗುಂಡು. ಅಪ್ಪ ಅದನ್ನು ಎತ್ತಿ ಬೆಳಕಿಗೆ ಹಿಡಿದು ಒಳಗೆ ನೋಡಿದ, ಕೆಳಗಿಟ್ಟ, ಮತ್ತೆ ಎತ್ತಿದ. ಅಪ್ಪನ ಮನಸ್ಸು ಯಾವುದರ ಮೇಲಿದೆಯೆಂದು ಕಾಕಾನಿಗೆ ಆಗಲೇ ಗೊತ್ತಾಯಿತು.

"ಈ ಗುಂಡಿಗೆ ಚಿಗರಿ ಸಾಯೂದಿಲ್ಲ ಅಣ್ಣಾ. ಸಿಟ್ಟಿಗೇಳತೈತಿ ಅಷ್ಟ."

"ಕುತ್ತಿಗೀಗೆ ಬಡದ್ರ ನಿಂತಲ್ಲೇ ಬೀಳತೈತಿ."

"ಕುತ್ತಿಗೀಗೆ ಬಡಿಯೂವಷ್ಟ ಹತ್ರಾ ಹೋಗಾಕ ಅದೇನ ನಿನ್ನ ಅಳಿಯಾನು, ಬಾ ಮಾವಾ ಅನ್ನಾಕ?"

ಆಯಿ ನಕ್ಕಳು. ಅಪ್ಪ ನಗಲಿಲ್ಲ.

"ಹತ್ರಾ ಹೋಗಾಕ ಆಗಲಿಲ್ಲಂದ್ರ ಹೊಡೀಬಾರದು. ಅದಕ್ಕ ಇದು ಬೇಕು."

ಅವರಿಬ್ಬರ ವಾದ ಊಟದವರೆಗೂ ನಡೆಯಿತು. ಸಣ್ಣ ಗುಂಡು ತಾಗಿದ ಪ್ರಾಣಿ ದೊಡ್ಡ ಗುಂಡು ತಾಗಿದ್ದಕ್ಕಿಂತ ದೂರ ಓಡಿ ಸಾಯುತ್ತದೆ, ಆಗ ಜಿನ್ನಪ್ಪಜ್ಜನ ಹೊಲವಲ್ಲ, ಅವರ ಅಂಗಳಕ್ಕೇ ಹೋಗಿ ಬೀಳುತ್ತದೆ ಎಂದು ಕಾಕಾ ಹೇಳಿದ. ಈಗ ಯೋಚಿಸಿದರೆ ಕಾಕಾನ ಮಾತಿನಲ್ಲೂ ಹುರುಳಿತ್ತು. ಅಪ್ಪನ ಲೆಕ್ಕ ಬೇರೆ. ಒಂದೇ ಗುಂಡು ಅಂದರೆ ತಾಗಿದರೆ ತಾಗಿತು, ಇಲ್ಲವಾದರೆ ಪೂರ್ತಿ ತಪ್ಪಿತು; ಅರೆಬರೆ ತಾಗುವುದು ಕಡಿಮೆ. ಮದ್ದು ಕಡಿಮೆ ಬೇಕು, ಸಪ್ಪಳವೂ ಕಡಿಮೆ. ಆಯಿಗೆ ಆ ಕೊನೆಯದು ಹಿಡಿಸಿತು. ಅವ್ವನನ್ನು ಯಾರೂ ಕೇಳಲಿಲ್ಲ. ರೊಟ್ಟಿ ಬಡಿಸುತ್ತ ಅವಳು ತಾನಾಗಿ ಒಂದೇ ಮಾತು ಹೇಳಿದಳು: ಯಾವುದನ್ನಾದರೂ ಇಟ್ಟುಕೊಳ್ಳಿ, ಉಣ್ಣುವ ಜಾಗದಲ್ಲಿ ತೂಗುಹಾಕಬೇಡಿ. ಗೂಟ ಇರುವುದೇ ಅಲ್ಲಿ ಎಂದ ಅಪ್ಪ. ಅಗಲ ಬಾಯಿಯದು ಕಾಗವಾಡಕ್ಕೆ ಮರಳಿತು, ಅಜ್ಜನದು ಅಟ್ಟ ಸೇರಿತು. ಸಣ್ಣದು ಗೂಟ ಏರಿತು.

ಅಜ್ಜನ ಬಂದೂಕು ಮನೆಯಲ್ಲಿ ಯಾವಾಗಲೂ ಖಾಲಿ ಇರುತ್ತಿತ್ತು. ಅದನ್ನು ಹೊಲದಲ್ಲೇ ನಿಂತು ತುಂಬಿಬಿಡಬಹುದಿತ್ತು. ಸಣ್ಣದು ಹಾಗಲ್ಲ. ಗುಂಡನ್ನು ಎಣ್ಣೆ ಸವರಿದ ಬಟ್ಟೆಯ ಚೂರಿನಲ್ಲಿ ಸುತ್ತಿ, ಬಿಗಿಯಾಗಿ, ಎಳ್ಳಷ್ಟೆಳ್ಳಷ್ಟೇ ಕೆಳಗಿಳಿಸಬೇಕು. ಬಟ್ಟೆ ದಪ್ಪವಾದರೆ ಇಳಿಯುವುದಿಲ್ಲ, ತೆಳುವಾದರೆ ಗುಂಡು ಸಡಿಲ. ಅಪ್ಪ ಹಲವು ಬಟ್ಟೆ ನೋಡಿ ಕೊನೆಗೆ ಅವ್ವನ ಹಳೆಯ ಇಳಕಲ್ ಸೀರೆಯ ಒಡಲಿಗೆ ಬಂದು ನಿಂತ. ಕುಸುಬಿ ಎಣ್ಣೆಯಲ್ಲಿ ನೆನೆಸಿದ ಆ ಸೀರೆಯ ಚೂರುಗಳು ಒಂದು ಡಬ್ಬಿಯಲ್ಲಿರುತ್ತಿದ್ದವು. ಹೊಲದ ಗಾಳಿಯಲ್ಲಿ, ಬದುವಿನ ಮರೆಯಲ್ಲಿ ಕೂತು ಇಷ್ಟೆಲ್ಲ ಮಾಡುವುದು ಆಗದ ಮಾತು. ಹಾಗಾಗಿ ಅಪ್ಪ ಸಂಜೆಯ ಬೆಳಕಿರುವಾಗಲೇ ಪಡಸಾಲೆಯಲ್ಲಿ ಕಾಲು ಮಡಚಿ ಕೂತು ತುಂಬತೊಡಗಿದ. ನಾನು ಕಂಬಕ್ಕೆ ಆತು ನೋಡುತ್ತಿದ್ದೆ. ಗಜ ಒಳಗೆ ಹೋಗುವಾಗ ಒಂದು ಸಣ್ಣ ಸದ್ದು ಬರುತ್ತಿತ್ತು, ಹಸಿ ಕಬ್ಬು ಅಗಿದ ಹಾಗೆ. ಅದು ನಿಂತಿತೆಂದರೆ ಗುಂಡು ಮದ್ದಿನ ಮೇಲೆ ಕೂತಿತು ಎಂದರ್ಥ. ಚಿಗರಿ ಸಿಗದ ದಿನ ಅಪ್ಪ ಹಾಗೇ ತಂದು ಗೂಟಕ್ಕೆ ಇಡುತ್ತಿದ್ದ. ಇಳಿಸಿದ ಗುಂಡನ್ನು ಹೊರಗೆ ತೆಗೆಯುವ ಸಾಧನ ನಮ್ಮಲ್ಲಿರಲಿಲ್ಲ. ಅದನ್ನು ಖಾಲಿ ಮಾಡುವುದೆಂದರೆ ಹಾರಿಸುವುದು.

ನನ್ನ ಹೆದರಿಕೆ ಶುರುವಾದದ್ದು ಅಲ್ಲಿ. ಅಪ್ಪ ಕೇಪು ತೆಗೆದು ಡಬ್ಬಿಗೆ ಹಾಕಿ, ಕೇಪು ಇಲ್ಲದ ಬಂದೂಕು ಬರೀ ಕೋಲು ಎಂದು ನನಗೆ ತೋರಿಸಿ ಹೇಳಿದ್ದ. ಆದರೆ ತುಂಬಿದ ಬಂದೂಕು ಮತ್ತು ಖಾಲಿ ಬಂದೂಕು ಗೋಡೆಯ ಮೇಲೆ ಒಂದೇ ತರಹ ಕಾಣುತ್ತಿದ್ದವು. ಅದೇ ನನಗೆ ಸಹಿಸಲಾಗದ ಸಂಗತಿ. ಹಾವು ಹಾವಿನಂತೆ ಕಾಣುತ್ತದೆ, ಕುದಿಯುವ ನೀರಿನಿಂದ ಹಬೆ ಏಳುತ್ತದೆ. ಇದು ಏನನ್ನೂ ತೋರಿಸುತ್ತಿರಲಿಲ್ಲ. ಗೂಟದ ಕೆಳಗೇ ದೀಪದ ಗೂಡು; ಕೇಪಿನ ಡಬ್ಬಿಯೂ ಅಲ್ಲೇ. ಆಯಿ ಅಲ್ಲಿ ಕಡ್ಡಿ ಗೀರುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಊಟಕ್ಕೆ ಕೂರುವಾಗ ಬಂದೂಕಿನ ಹಿಡಿಯ ಕಡೆಗೆ ಸರಿದು ಕೂರುತ್ತಿದ್ದೆ. ಅಲ್ಲಿಂದ ನೋಡಿದಾಗ ನಳಿಗೆಯ ಗೆರೆ ನೇರವಾಗಿ ಅಡುಗೆಮನೆಯ ಬಾಗಿಲೊಳಗೆ ಹೋಗುವುದು ಕಾಣಿಸಿತು. ಅದರ ಕೆಳಗೆ ಒಲೆ, ರೊಟ್ಟಿ ತಟ್ಟುವ ಅವ್ವನ ಬಾಗಿದ ಬೆನ್ನು. ಗೂಟದ ಎತ್ತರದಿಂದ ಹಾರಿದರೆ ಗುಂಡು ಅವ್ವನ ತಲೆಯ ಮೇಲಿನಿಂದ ಹೋಗುತ್ತದೆ ಎಂದು ಮನಸ್ಸಿನಲ್ಲೇ ಅಳೆದುಕೊಂಡೆ. ಅವಳು ಎದ್ದು ನಿಂತರೆ? ಆವತ್ತಿನಿಂದ ಅವ್ವ ಏಳುವ ಮೊದಲೇ ನಾನು ಎದ್ದು ಅವಳಿಗೆ ಬೇಕಾದದ್ದನ್ನು ತಂದುಕೊಡತೊಡಗಿದೆ. ಮಗಳು ಕೆಲಸಕ್ಕೆ ಒದಗುತ್ತಾಳೆ ಎಂದು ಆಯಿ ಎಲ್ಲರೆದುರು ಹೊಗಳಿದಳು.

ಭಾದ್ರಪದ ಬಂತು. ಜಿನ್ನಪ್ಪಜ್ಜನ ಮನೆಯವರಿಗೆ ಅದು ಪರ್ವದ ಕಾಲ. ದಿನವೂ ಬಸದಿ, ಒಪ್ಪೊತ್ತು, ಕೆಲವರಿಗೆ ಪೂರ್ತಿ ಉಪವಾಸ. ಆ ದಿನಗಳಲ್ಲಿ ನಮ್ಮ ಮನೆಯಲ್ಲೂ ಮಾಂಸ ಬೇಯುತ್ತಿರಲಿಲ್ಲ, ಬಂದೂಕು ಹಾರುತ್ತಿರಲಿಲ್ಲ. ಯಾರೂ ಹೇಳಿ ಮಾಡಿಸಿದ್ದಲ್ಲ. ಪ್ರತಿ ವರ್ಷ ಪರ್ವ ಕೂರುವ ಮುಂಚೆ ಜಿನ್ನಪ್ಪಜ್ಜ ನಮ್ಮ ಬಾಗಿಲಿಗೆ ಬಂದು, ನಾಳೆಯಿಂದ ನಮ್ಮ ಪರ್ವ ಎಂದು ಸುಮ್ಮನೆ ತಿಳಿಸಿ ಹೋಗುತ್ತಿದ್ದರು. ಅಪ್ಪ ಹೌದ್ರಿ ಎನ್ನುತ್ತಿದ್ದ. ಅಷ್ಟಕ್ಕೇ ಎಲ್ಲ ಮುಗಿಯುತ್ತಿತ್ತು. ಆ ವರ್ಷವೂ ಬಂದರು. ಆ ಸಂಜೆಯೇ ಕೊನೆಯ ಅವಕಾಶವೆಂದು ಅಪ್ಪ ಬಂದೂಕು ತುಂಬಿಕೊಂಡು ಹೊಲಕ್ಕೆ ಹೋದ. ಕಾಕಾ ಆಗ ಮನೆಯಲ್ಲಿರಲಿಲ್ಲ. ಶಿರಗುಪ್ಪಿಯಲ್ಲಿ ಹೆಂಡತಿಯ ತವರಿನವರ ಕಬ್ಬಿನ ಕೆಲಸಕ್ಕೆ ಹೋಗಿದ್ದ. ಚಿಗರಿಗಳು ಬಂದವು, ಆದರೆ ಸಣ್ಣ ಬಂದೂಕಿಗೆ ಬೇಕಾದಷ್ಟು ಹತ್ತಿರ ಬರಲಿಲ್ಲ. ಅಪ್ಪ ತಾನೇ ಹಾಕಿಕೊಂಡ ಕಟ್ಟಳೆ ಮೀರದೆ ವಾಪಸ್ಸು ಬಂದ. ಅಷ್ಟು ಹೊತ್ತಿಗೆ ಜಿನ್ನಪ್ಪಜ್ಜನ ಮನೆಯಲ್ಲಿ ಪರ್ವದ ದೀಪ ಹಚ್ಚಿಯಾಗಿತ್ತು. ಹಾರಿಸಿ ಖಾಲಿ ಮಾಡುವಂತಿಲ್ಲ. ಕೇಪು ತೆಗೆದು, ತುಂಬಿದ ಬಂದೂಕನ್ನು ಗೂಟದ ಮೇಲಿಟ್ಟು, ಪರ್ವ ಮುಗಿಯಲಿ ನೋಡೋಣ ಎಂದ. ಅವ್ವ ಒಳಗಿದ್ದಳು, ಆಯಿ ದನಗಳ ಹತ್ತಿರ. ಕೇಳಿಸಿಕೊಂಡವಳು ನಾನೊಬ್ಬಳೇ.

ಆ ದಿನಗಳಲ್ಲಿ ನನಗೆ ಅನ್ನ ಸೇರಲಿಲ್ಲ. ಆಯಿ ದೃಷ್ಟಿ ತೆಗೆದಳು. ಒಮ್ಮೆ ಧೈರ್ಯ ಮಾಡಿ ಬಂದೂಕನ್ನು ದನದ ಕೊಟ್ಟಿಗೆಯಲ್ಲಿ ಇಡೋಣವೇ ಎಂದು ಅಪ್ಪನನ್ನು ಕೇಳಿದೆ. ತಂಪಿಗೆ ಮದ್ದು ಕೆಡುತ್ತದೆ ಎಂದ. ಕೆಡಲಿ ಎಂದು ನಾನು ಮನಸ್ಸಿನಲ್ಲಿ ದೇವರನ್ನು ಬೇಡಿದೆ. ಹೊರಗೆ ಮಳೆ ಹನಿಯುತ್ತಿತ್ತು. ಹಸಿ ಗಾಳಿ ನಳಿಗೆಯೊಳಗೆ ಹೋಗಲಿ ಎಂದು ತಲಬಾಗಿಲನ್ನು ತೆರೆದಿಡುತ್ತಿದ್ದೆ, ಯಾರಾದರೂ ಬಂದು ಮುಚ್ಚುತ್ತಿದ್ದರು. ಪರ್ವದ ನಡುವೆ ಕಾಕಾ ಶಿರಗುಪ್ಪಿಯಿಂದ ಬೆಲ್ಲ ಹೊತ್ತುಕೊಂಡು ಬಂದ. ಬಂದೂಕಿನ ಕಡೆ ನೋಡಿ, ಎಷ್ಟು ಚಿಗರಿ ಬಂದು ಮಾವಾ ಅಂದವು ಎಂದು ಅಪ್ಪನನ್ನು ಕೆಣಕಿದ. ಅಪ್ಪ ಬೆಲ್ಲ ಇಸಿದುಕೊಂಡು ಒಳಗೆ ಇಟ್ಟು ಬಂದ. ಆಗಲೇ ಅದು ತುಂಬಿದೆ ಎಂದಿದ್ದರೆ ಸಾಕಾಗಿತ್ತು. ಅಣ್ಣತಮ್ಮಂದಿರ ನಡುವೆ ಆ ಬಂದೂಕಿನ ಮಾತು ಎತ್ತಿದರೆ ಜಗಳವಾಗುತ್ತಿದ್ದುದರಿಂದ ಅಪ್ಪ ಅದನ್ನು ಬಿಟ್ಟ.

ಪರ್ವ ಮುಗಿದ ಮೇಲೆ ಅವರಲ್ಲಿ ಎಲ್ಲರ ಹತ್ತಿರ ಕ್ಷಮೆ ಕೇಳುವ ದಿನವಿದೆ. ಜಿನ್ನಪ್ಪಜ್ಜ ಊರಿನ ಮನೆಮನೆಗೂ ಹೋಗುತ್ತಿದ್ದರು. ನಮ್ಮ ಮನೆಗೆ ಮಧ್ಯಾಹ್ನ ಬಂದರು. ಅಪ್ಪ ಎತ್ತು ನೋಡುವುದಕ್ಕೆ ಕಬ್ಬೂರಿಗೆ ಹೋಗಿದ್ದ. ಕಾಕಾ ಜಮಖಾನೆ ಹಾಸಿ ಕೂರಿಸಿದ. ಆಯಿ ಕಂಬದ ಹತ್ತಿರ ಹೆಸರುಕಾಯಿ ಸುಲಿಯುತ್ತಿದ್ದಳು, ನಾನು ಅವಳ ಪಕ್ಕದಲ್ಲಿ. ಅವ್ವ ಒಳಗೆ ಒಲೆಯ ಮುಂದೆ. ಉಪವಾಸದಿಂದ ಜಿನ್ನಪ್ಪಜ್ಜನ ಮುಖ ಸಣ್ಣದಾಗಿತ್ತು. ಅವರು ಕೈ ಜೋಡಿಸಿದರು.

"ತಿಳದೋ ತಿಳೀದನೋ ನಮ್ಮಿಂದ ಏನರ ತಪ್ಪಾಗಿದ್ರ ಕ್ಷಮಾ ಮಾಡ್ರೆಪಾ."

"ನೀವೇನ ತಪ್ಪ ಮಾಡತೀರಿ ಅಜ್ಜಾರ," ಎಂದ ಕಾಕಾ. "ತಪ್ಪ ಮಾಡೂ ಸಾಮಾನ ನಮ್ಮ ಮನ್ಯಾಗ ಐತಿ."

ಅಜ್ಜ ಗೋಡೆಯ ಕಡೆ ನೋಡಿ ನಕ್ಕರು. ಈ ಸಲ ಅದೂ ಉಪವಾಸ ಮಾಡಿದೆ ಎಂದರು. ಹಿಂದಿನ ವರ್ಷದ ಚಿಗರಿಯ ಭಾರ ಆ ನಗೆಯಿಂದ ಹಗುರವಾಯಿತೆಂದು ಕಾಕಾನಿಗೆ ಅನಿಸಿರಬೇಕು. ಅವರನ್ನು ಇನ್ನಷ್ಟು ಸಂತೋಷಪಡಿಸುವ ಆಸೆ ಅವನಿಗಾಯಿತು. ಬೇರೆ ಯಾವ ಕೆಟ್ಟ ಯೋಚನೆಯೂ ಅವನಲ್ಲಿರಲಿಲ್ಲ. ಖರೇನೇ ಉಪವಾಸ, ಹೊಟ್ಟೆಯಲ್ಲಿ ಏನೂ ಇಲ್ಲ, ತೋರಿಸುತ್ತೇನೆ ತಡೀರಿ ಎಂದು ಎದ್ದು ಬಂದೂಕು ಇಳಿಸಿದ. ಗೂಡಿನ ಡಬ್ಬಿಯಿಂದ ಒಂದು ಕೇಪು ತೆಗೆದು ಮೊಳೆಯ ಮೇಲೆ ಒತ್ತಿದ. ಖಾಲಿ ಬಂದೂಕಿನಲ್ಲಿ ಕೇಪು ಒಡೆದರೆ ಟಿಪ್ ಎಂದು ಸದ್ದಾಗಿ ಬಾಯಿಂದ ಬರೀ ಗಾಳಿ ಬರುತ್ತದೆ. ಖಾಲಿ ಎಂದು ತೋರಿಸಲು ಹಾಗೆ ಮಾಡುವುದಿತ್ತು. ಅತಿಥಿಯ ಕಡೆಗೆ ಹಿಡಿಯಬಾರದೆಂದು ಅವನು ಪೂರ್ತಿ ತಿರುಗಿ, ಅಡುಗೆಮನೆಯ ಬಾಗಿಲಿಗೆ ಮುಖ ಮಾಡಿ ನಿಂತ. ಈಗ ಅದು ಗೂಟದ ಎತ್ತರದಲ್ಲಿರಲಿಲ್ಲ. ಅವನ ಸೊಂಟದ ಮಟ್ಟದಲ್ಲಿ, ತುಸು ಕೆಳಮುಖವಾಗಿ ಇತ್ತು.

"ಕಾಕಾ, ಅದು ತುಂಬೈತಿ," ಎಂದೆ.

"ಯಾರ ತುಂಬ್ಯಾರ? ನೀ ತುಂಬಿಯೇನು?"

"ಅಪ್ಪ ತುಂಬ್ಯಾನ."

"ಪರ್ವದಾಗ ನಿಮ್ಮಪ್ಪ ತುಂಬತಾನೇನ ಹುಚ್ಚಿ? ಅಜ್ಜಾರ ಮುಂದ ಮನಿ ಮರ್ಯಾದಿ ಕಳೀತಿ ನೋಡು."

ಆಯಿ ಕೂಡ, ಇವರ ಪರ್ವದಲ್ಲಿ ಯಾರು ತುಂಬಿಡುತ್ತಾರೆ, ಸುಮ್ಮನಿರು ಎಂದು ನನ್ನ ತೊಡೆ ತಟ್ಟಿದಳು. ಕಾಕಾ ಕುದುರೆ ಎತ್ತಿದ. ಅದು ಕೂತ ಸದ್ದು ನನಗೆ ಕೇಳಿಸಿತು. ನಾನು ಆಯಿಯ ಸೆರಗು ಹಿಡಿದೆಳೆದೆ. ಬಾಗಿಲೊಳಗೆ ಅವ್ವನ ಬೆನ್ನು, ಬೆವರಿಗೆ ಅಂಟಿದ ಕುಪ್ಪಸ, ರೊಟ್ಟಿ ತಟ್ಟುವ ಕೈ ಕಾಣುತ್ತಿತ್ತು. ಜಿನ್ನಪ್ಪಜ್ಜ ಬಂದೂಕನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು. ಕೂತಲ್ಲಿಂದ ಎದ್ದರು, ಉಪವಾಸ ಮಾಡಿದ ಮುದುಕರು ಹಾಗೆ ಎದ್ದದ್ದನ್ನು ನಾನು ಮತ್ತೆಂದೂ ನೋಡಿಲ್ಲ. ಜೀವಮಾನದಲ್ಲಿ ಎಂದೂ ಬಂದೂಕು ಮುಟ್ಟದ ಕೈಯನ್ನು ನಳಿಗೆಯ ಕೆಳಗೆ ಕೊಟ್ಟರು.

"ಕೂಸು ಹೆದರೈತಿ ಮಾರುತಿ. ಮ್ಯಾಲ ಮಾಡು."

ಅವರು ಎತ್ತಿದರೋ, ಎತ್ತುವಾಗ ಕಾಕಾನ ಬೆರಳು ಒತ್ತಿತೋ ನಾನು ಹೇಳಲಾರೆ. ಮಿಂಚಿದ್ದು ಕಂಡಿತು. ಸದ್ದು ಕೇಳಿದ ನೆನಪಿಲ್ಲ. ಪಡಸಾಲೆ ತುಂಬ ಬಿಳಿ ಹೊಗೆ, ಗಂಧಕದ ವಾಸನೆ, ಮಾಳಿಗೆಯಿಂದ ಸುರಿಯುತ್ತಿದ್ದ ಮಣ್ಣು. ಆಯಿಯ ಬಾಯಿ ಅಲ್ಲಾಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಹೊಗೆಯೊಳಗಿಂದ ಅವ್ವ ಬಾಗಿಲಿಗೆ ಬಂದಳು. ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಮೊದಲು ನನ್ನ ತಲೆ, ಎದೆ, ಹೊಟ್ಟೆ ಮುಟ್ಟಿ ನೋಡಿದಳು, ಆಮೇಲೆ ಕಾಕಾನ ಮುಖ. ಅವನ ಒಂದು ಹುಬ್ಬು ಸುಟ್ಟಿತ್ತು. ಅವನು ಬಂದೂಕನ್ನು ಬಿಟ್ಟಿರಲಿಲ್ಲ. ಬಿಡುವುದು ಹೇಗೆಂದು ಮರೆತವನಂತೆ ಹಿಡಿದುಕೊಂಡೇ ಇದ್ದ. ಅವ್ವ ಬೆರಳು ಬಿಡಿಸಿ ತೆಗೆದು ನೆಲದ ಮೇಲಿಟ್ಟಳು. ಜಿನ್ನಪ್ಪಜ್ಜ ಕಿವಿ ಹಿಡಿದು ಕೂತಿದ್ದರು. ಅವ್ವ ಅವರಿಗೆ ನೀರು ತಂದಳು. ಅಂಥ ಹೊತ್ತಿನಲ್ಲೂ ಅದನ್ನು ಅವರ ಪದ್ಧತಿಯಂತೆ ಬಟ್ಟೆಯಲ್ಲಿ ಸೋಸಿಯೇ ತಂದಿದ್ದಳು. ಕುಡಿದು ಅಜ್ಜ ಇನ್ನೊಮ್ಮೆ ಕೈ ಜೋಡಿಸಿ ಎದ್ದು ಹೋದರು. ಆ ಕಿವಿ ಅವರಿಗೆ ಆಮೇಲೆ ಸರಿಯಾಗಿ ಕೇಳಲಿಲ್ಲ. ಅವರು ಅದರ ಮಾತೆತ್ತಲಿಲ್ಲ. ನಾವು ಮಾತ್ರ ಅವರ ಇನ್ನೊಂದು ಬದಿಗೆ ಹೋಗಿ ನಿಂತು ಮಾತಾಡುವುದನ್ನು ಕಲಿತೆವು.

ಅಪ್ಪ ದೀಪ ಹಚ್ಚುವ ಮುಂಚೆ ಬಂದ. ಆಯಿ ನಡೆದದ್ದನ್ನು ಹೇಳಿದಳು. ಅಪ್ಪ ಕೂಗಾಡುತ್ತಾನೆಂದು ನಾನು ಕಂಬದ ಹಿಂದೆ ನಿಂತಿದ್ದೆ. ಅವನು ಮಾಳಿಗೆಯ ತೊಲೆಯಲ್ಲಿ ಗುಂಡು ಹೊಕ್ಕ ಜಾಗವನ್ನು ನೋಡಿದ. ಬಹಳ ಸಣ್ಣ ತೂತು. ಆಮೇಲೆ ಅಡುಗೆಮನೆಗೆ ಹೋಗಿ ಅವ್ವನನ್ನು ಏಳಿಸಿ, ಅವಳ ಮಣೆಯ ಮೇಲೆ, ಒಲೆಗೆ ಮುಖ ಮಾಡಿ ತಾನೇ ಕೂತ. ಕಾಕಾನಿಗೆ ಗಜವನ್ನು ತೆಗೆದುಕೊಂಡು, ಮಧ್ಯಾಹ್ನ ನಿಂತಲ್ಲೇ ನಿಂತು ಹಿಡಿದು ತೋರಿಸಲು ಹೇಳಿದ.

"ಹಿಡಿ."

"ಒಲ್ಲೆ ಅಣ್ಣಾ."

"ಬರೇ ಕೋಲ ಐತದು."

"ಒಲ್ಲೆ."

ಕಾಕಾ ಗಜವನ್ನು ಕಾಲ ಬಳಿ ಹಾಕಿ ಗೋಡೆಗೆ ಮುಖ ಮಾಡಿದ. ಅಪ್ಪ ಕೂತಲ್ಲಿಂದಲೇ ಹೊರಳಿ ಬಾಗಿಲಾಚೆಗೆ ನೋಡಿದ. ಗೂಟ ಖಾಲಿ ಇತ್ತು. ಅಲ್ಲಿಂದ ನಾನಿದ್ದ ಕಂಬ ಕಾಣುತ್ತಿತ್ತು. ಅವನ ಕಣ್ಣು ನನ್ನ ಮೇಲೆ ನಿಂತಿತು. ಅಲ್ಲಿಯವರೆಗೆ ಆ ಮನೆಯಲ್ಲಿ ಹೆದರಿಕೆ ನನ್ನೊಬ್ಬಳದಾಗಿತ್ತು. ಅಪ್ಪನ ಮುಖದಲ್ಲಿ ಅದನ್ನು ನಾನು ಆಗ ಕಂಡೆ. ಅದರಿಂದ ನನಗೆ ಸಮಾಧಾನವಾಯಿತೆಂದು ಹೇಳಿದರೆ ತಪ್ಪೆನಿಸಬಹುದು, ಆದರೆ ಆಯಿತು.

ಒಲೆಯ ಮೇಲೆ ಹಂಚು ಕಾಯುತ್ತಿತ್ತು. ಅವ್ವ ಹಿಟ್ಟಿನ ಪರಾತ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಏಳ್ರಿ. ರೊಟ್ಟಿ ಬಡೀಬೇಕು."

ಅಪ್ಪ ಎರಡೂ ಕೈ ನೆಲಕ್ಕೆ ಊರಿದ. ಎದ್ದು ನಿಲ್ಲಲಾಗಲಿಲ್ಲ. ಅವ್ವ ಪರಾತವನ್ನು ಕೆಳಗಿಟ್ಟು, ಅವನ ರಟ್ಟೆ ಹಿಡಿದು ಎಬ್ಬಿಸಿದಳು.